ಬರೆದವಳು ಒಬ್ಬಳು, ಹೊಲಿದವಳು ಇನ್ನೊಬ್ಬಳು: ಹಂಗೇರಿಯ ಕಸೂತಿ ಬಟ್ಟೆಯನ್ನು ಓದುವ ಬಗೆ

ನಮ್ಮ ಮನೆಯ ಊಟದ ಮೇಜಿನ ಮೇಲೆ ಉದ್ದನೆಯ ಬಿಳಿ ಬಟ್ಟೆಯೊಂದಿದೆ. ತಂಗಿಯ ಗಂಡ ಆಫೀಸಿನ ಕೆಲಸಕ್ಕೆಂದು ಬುಡಾಪೆಸ್ಟ್‌ಗೆ ಹೋದಾಗ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡು ತಂದದ್ದು. ಕೆಂಪು ಗುಲಾಬಿ, ನೀಲಿ ಗಂಟೆಹೂ, ಹಳದಿ ಟ್ಯೂಲಿಪ್, ಎಲೆಗಳ ಸಂದಿಯಲ್ಲಿ ಕತ್ತರಿಸಿ ಮಾಡಿದ ಪುಟ್ಟ ಕಿಂಡಿಗಳು. ಮನೆಗೆ ಬಂದವರು ಬೆರಳಿನಿಂದ ಹೂವನ್ನು ಸವರಿ ಎರಡೇ ಪ್ರಶ್ನೆ ಕೇಳುತ್ತಾರೆ: ಕೈಕೆಲಸವಾ, ಮಷೀನಿನದಾ? ಎಷ್ಟು ವರ್ಷದ್ದು? ಮೊದಮೊದಲು ನನಗೂ ಗೊತ್ತಿರಲಿಲ್ಲ. ಈಗ ಬಟ್ಟೆಯ ಮೂಲೆ ಎತ್ತಿ ಹಿಂಬದಿ ತೋರಿಸುತ್ತೇನೆ. ಮುಕ್ಕಾಲು ಪಾಲು ಉತ್ತರ ಅಲ್ಲೇ ಇದೆ.

ಹಿಂಬದಿಗೆ ಹೋಗುವ ಮೊದಲು ಮುಂಬದಿಯ ಒಂದು ಸಂಗತಿ ತಿಳಿದಿರಬೇಕು. ಇಂಥ ಬಟ್ಟೆಯ ಹಿಂದೆ ಸಾಮಾನ್ಯವಾಗಿ ಇಬ್ಬರು ಹೆಂಗಸರಿರುತ್ತಾರೆ. ಒಬ್ಬಳು ಬಟ್ಟೆಯ ಮೇಲೆ ಹೂಬಳ್ಳಿ ಬರೆದುಕೊಡುತ್ತಾಳೆ, ಇನ್ನೊಬ್ಬಳು ಸೂಜಿ ಹಿಡಿದು ಅದನ್ನು ತುಂಬುತ್ತಾಳೆ. ಬರೆಯುವವಳಿಗೆ ಹಂಗೇರಿಯನ್ ಭಾಷೆಯಲ್ಲಿ ‘ಈರೋ ಅಸ್ಸೊನ್’ ಎಂದು ಹೆಸರು. ‘ಬರೆಯುವ ಹೆಂಗಸು’ ಎಂದೇ ಅದರ ಅರ್ಥ. ನಾವು ರಂಗೋಲಿ ಬರೆಯುತ್ತೇವೆ ಎನ್ನುವುದಿಲ್ಲವೆ, ಹಾಗೆ. ಊರಿಗೆ ಸೂಜಿ ಹಿಡಿಯುವವರು ನೂರು ಮಂದಿ ಇದ್ದರೆ ಬರೆಯುವವರು ಬೆರಳೆಣಿಕೆಯಷ್ಟು. ಬಟ್ಟೆಯ ಅಂದಕ್ಕೆ ಅರ್ಧ ಕಾರಣ ಆ ಗೆರೆ. ಗೆರೆ ಬಿಗಿಯಾಗಿ, ಉಸಿರಾಡುವ ಹಾಗೆ ಬಂದಿದ್ದರೆ ಸಾಧಾರಣ ಹೊಲಿಗೆಯೂ ಚೆನ್ನಾಗಿ ಕಾಣುತ್ತದೆ. ಗೆರೆಯೇ ಸೊರಗಿದ್ದರೆ ಎಷ್ಟು ನುಣುಪಾಗಿ ಹೊಲಿದರೂ ಹೂವು ಎಲೆಕೋಸಿನಂತೆ ಕೂರುತ್ತದೆ.

ಎಲ್ಲ ಕಸೂತಿಗೂ ಈ ಬರವಣಿಗೆ ಬೇಕಿಲ್ಲ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುವ ಮಾತೇ ಇಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ ಎದ್ದು ನಿಲ್ಲುತ್ತವೆ. ಹಂಗೇರಿಯಲ್ಲೂ ಎಳೆ ಎಣಿಸುವ ಕೆಲಸವಿದೆ. ಈಶಾನ್ಯ ಮೂಲೆಯ ಬೆರೆಗ್ ಪ್ರದೇಶದ ಕ್ರಾಸ್ ಸ್ಟಿಚ್ ಅಂಥದ್ದು. ಅಲ್ಲಿ ಹೂವು ಮೆಟ್ಟಿಲು ಮೆಟ್ಟಿಲಾಗಿ, ಚೌಕಳಿಯಾಗಿ ಕಾಣುತ್ತದೆ. ಹೂವಿನ ಅಂಚು ದುಂಡಗೆ, ಬಳುಕಿ ಹರಿದಿದ್ದರೆ ಅದು ಬರೆದು ಹೊಲಿದದ್ದು. ಹೊರದೇಶದ ಮನೆಗಳಲ್ಲಿ ಕಣ್ಣಿಗೆ ಬೀಳುವ ಹಂಗೇರಿಯ ಬಟ್ಟೆ ಬಹುತೇಕ ಈ ಎರಡನೆಯ ಜಾತಿಯದು. ನಮ್ಮ ಮೇಜಿನ ಬಟ್ಟೆಯೂ ಅದೇ, ಕಲೊಚಾ ಊರಿನ ಶೈಲಿಯದು.

ಕಲೊಚಾ ಇರುವುದು ಬುಡಾಪೆಸ್ಟ್‌ನಿಂದ ದಕ್ಷಿಣಕ್ಕೆ, ಡ್ಯಾನ್ಯೂಬ್ ನದಿಯ ಬಯಲಿನಲ್ಲಿ. ಆರ್ಚ್‌ಬಿಷಪ್ಪರ ಹಳೆಯ ಪೀಠ. ಅದಕ್ಕಿಂತ ದೊಡ್ಡ ಹೆಸರು ಅಲ್ಲಿಯ ಪಾಪ್ರಿಕಾ ಮೆಣಸಿನಪುಡಿಯದು. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಖಾರಕ್ಕಿಂತ ಬಣ್ಣಕ್ಕೆ ಬೇಕಾದ ಸರಕು. ಆ ಸೀಮೆಯ ರೈತರ ಮನೆಗಳಲ್ಲಿ ‘ಶುದ್ಧ ಕೋಣೆ’ ಎಂದೊಂದು ಕೋಣೆ ಇರುತ್ತಿತ್ತು. ದಿನಬಳಕೆಗಲ್ಲ, ನೆಂಟರಿಗೆ, ಹಬ್ಬಕ್ಕೆ, ಹೆಣ ಮಲಗಿಸುವುದಕ್ಕೆ. ಅದರ ಸುಣ್ಣದ ಗೋಡೆಯ ಮೇಲೆ ಹೆಂಗಸರು ಕುಂಚ ಹಿಡಿದು ನೇರವಾಗಿ ಹೂ ಬಿಡಿಸುತ್ತಿದ್ದರು. ಗೋಡೆಗೆ ಬಿಡಿಸಿದ ಕೈಗಳೇ ಬಟ್ಟೆಗೂ ಬರೆದುಕೊಟ್ಟವು. ಒಂದೇ ಹೂವು ಗೋಡೆಯಲ್ಲೂ ದಿಂಬಿನ ಗೌಸಿನಲ್ಲೂ ಕಾಣುವುದು ಅದಕ್ಕೇ.

ಇಲ್ಲೊಂದು ತಿದ್ದುಪಡಿ. ಇಂದು ಕಲೊಚಾ ಎಂದೊಡನೆ ಕಣ್ಣಿಗೆ ಕಟ್ಟುವ ಬಣ್ಣಬಣ್ಣದ ಹೂರಾಶಿ ಪುರಾತನ ಕಾಲದ್ದಲ್ಲ. 19ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಶುರುವಾದದ್ದು ಬಿಳಿ ಬಟ್ಟೆಯ ಮೇಲೆ ಬಿಳಿ ನೂಲಿನ, ತೂತು ತೂತಿನ ಕೆಲಸ. ಪೇಟೆಯ ಅಚ್ಚಿನ ಮಾದರಿಗಳೇ ಅದಕ್ಕೆ ಆಧಾರ. ಒಗೆದರೂ ಬಿಡದ ಬಣ್ಣದ ನೂಲು ಸಿಗತೊಡಗಿದ ಮೇಲೆ ಕೆಂಪು, ನೀಲಿ, ಕಪ್ಪು ಬಂದವು. ಉಳಿದ ಬಣ್ಣಗಳೆಲ್ಲ ಬಂದು ಸೇರಿದ್ದು 20ನೇ ಶತಮಾನದಲ್ಲಿ. ‘ಸಾವಿರ ವರ್ಷದ ಪರಂಪರೆ’ ಎಂದು ಅಂಗಡಿಯವನು ಹೇಳಿದರೆ ನಕ್ಕು ಸುಮ್ಮನಿರಿ.

ಬಟ್ಟೆಗೆ ಗೆರೆ ಇಳಿಸುವುದು ಹೇಗೆ? ಬರೆಯುವ ಹೆಂಗಸು ಹತ್ತಿರವಿದ್ದರೆ ಆಕೆ ನೇರವಾಗಿ ಬಟ್ಟೆಯ ಮೇಲೆ ಬರೆಯುತ್ತಾಳೆ. ಒಂದೇ ಮಾದರಿ ಹತ್ತಾರು ಬಟ್ಟೆಗೆ ಬೇಕಾದಾಗ ತೆಳು ಕಾಗದದಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚುತ್ತಾರೆ. ಆ ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಂಥ ಬೇಗ ಆರುವ ಎಣ್ಣೆಯಲ್ಲಿ ಕಲಸಿದ ನೀಲಿ ಪುಡಿಯನ್ನು ಬಟ್ಟೆಯ ಉಂಡೆಯಿಂದ ಉಜ್ಜುತ್ತಾರೆ. ತೂತುಗಳ ಮೂಲಕ ಬಣ್ಣ ಇಳಿದು ನೀಲಿ ಚುಕ್ಕಿಸಾಲು ಮೂಡುತ್ತದೆ. ನಮ್ಮಲ್ಲಿ ಜರ್ದೋಸಿ ಕೆಲಸದವರು ಟ್ರೇಸಿಂಗ್ ಮಾಡುವುದೂ ಹೆಚ್ಚು ಕಡಿಮೆ ಹೀಗೆಯೇ. ನಮ್ಮ ಬಟ್ಟೆಯ ಒಂದು ಎಲೆಯಂಚಿನಲ್ಲಿ ಹೊಲಿಗೆ ಒಂದು ಕೂದಲೆಳೆಯಷ್ಟು ಒಳಗೆ ಬಿದ್ದಿದೆ. ಅದರಾಚೆ ಮಾಸಿದ ನೀಲಿ ಚುಕ್ಕಿ ಮೂರು ಉಳಿದಿವೆ. ಬಟ್ಟೆ ಮನೆಗೆ ಬಂದ ದಿನ ಅದನ್ನು ಕಲೆ ಎಂದುಕೊಂಡಿದ್ದೆ. ಅದು ಬರೆದವಳ ಗೆರೆ.

ಇನ್ನು ಹೊಲಿಗೆ. ದಳಗಳೆಲ್ಲ ಸ್ಯಾಟಿನ್ ಸ್ಟಿಚ್, ಅಂದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆ ಪಕ್ಕ ಎಳೆ ಮಲಗಿಸಿ ತುಂಬುವ ಹೊಲಿಗೆ. ಮೇಲಿಂದ ನೋಡಿದರೆ ಸುಲಭ. ಕಷ್ಟವೆಲ್ಲ ಇರುವುದು ದಿಕ್ಕಿನಲ್ಲಿ. ದಳದ ಹೊರಬಾಗು ಅಗಲ, ಬುಡ ಕಿರಿದು. ಎಳೆಗಳು ಬೀಸಣಿಗೆಯ ಕಡ್ಡಿಗಳಂತೆ ಬುಡದತ್ತ ಕೂಡಬೇಕು, ಆದರೆ ಬುಡದಲ್ಲಿ ಗಂಟಿನಂತೆ ಉಬ್ಬಬಾರದು. ಪಳಗಿದವಳು ನಡುನಡುವೆ ಗಿಡ್ಡ ಎಳೆಯೊಂದನ್ನು ತೂರಿಸಿ ಜಾಗ ಸರಿಮಾಡುತ್ತಾಳೆ. ನೂಲು ಎಳೆಯುವ ಬಿಗಿ ಹೆಚ್ಚಾದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಕಡಿಮೆಯಾದರೆ ಮೊದಲ ಒಗೆತಕ್ಕೇ ಎಳೆ ಜೋಲುತ್ತದೆ. ಒಂದೇ ಗುಲಾಬಿಯಲ್ಲಿ ಕಡುಗೆಂಪು, ಕೆಂಪು, ಗುಲಾಬಿ ಬಣ್ಣಗಳು ಸುತ್ತಿನ ಒಳಗೆ ಸುತ್ತಾಗಿ ಬರುತ್ತವೆ. ಬೆರಳಿಟ್ಟರೆ ಬಟ್ಟೆಗಿಂತ ಹೂವು ತುಸು ಎತ್ತರವಾಗಿ ಸಿಗುತ್ತದೆ.

ಕಿಂಡಿಯ ಕೆಲಸಕ್ಕೆ ಹಂಗೇರಿಯವರು ‘ರಿಶೆಲ್ಯೂ’ ಎನ್ನುತ್ತಾರೆ, ಫ್ರಾನ್ಸಿನ ಮಂತ್ರಿಯೊಬ್ಬನ ಹೆಸರು. ಇದರ ಕ್ರಮ ನೋಡಲು ತಮಾಷೆಯಾಗಿದೆ, ಏಕೆಂದರೆ ಕತ್ತರಿ ಬರುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಕಿಂಡಿ ಬರಬೇಕಾದ ಜಾಗದ ಸುತ್ತ ಸಣ್ಣ ಸಾದಾ ಹೊಲಿಗೆ. ಹಾಗೆ ಹೋಗುತ್ತಾ ಸೇತುವೆ ಬರಬೇಕಾದಲ್ಲಿ ನೂಲನ್ನು ಆಚೆ ದಡಕ್ಕೆ ಎಸೆದು, ಈಚೆಗೆ ತಂದು, ಆ ಎಳೆಗಳ ಮೇಲೆ ಮಾತ್ರ ಕಾಜಾ ಹೊಲಿಗೆ ಹಾಕಬೇಕು. ಸೂಜಿ ಕೆಳಗಿನ ಬಟ್ಟೆಯನ್ನು ಕಚ್ಚಬಾರದು. ಅನಂತರ ಅಂಚಿನುದ್ದಕ್ಕೂ ಕಾಜಾ ಹೊಲಿಗೆ, ಅದರ ಗಂಟು ಕಿಂಡಿಯ ಕಡೆಗೆ. ಎಲ್ಲ ಮುಗಿದ ಮೇಲೆ ಹಿಂಬದಿಯಿಂದ ಮೊನಚು ಕತ್ತರಿ ಹಾಕಿ ಸೇತುವೆಯ ಕೆಳಗಿನ ಬಟ್ಟೆಯನ್ನು ತೆಗೆಯುವುದು. ಕತ್ತರಿ ಒಂದು ಎಳೆ ತಪ್ಪಿದರೆ ವಾರಗಟ್ಟಲೆ ಕೂತು ಮಾಡಿದ್ದು ಹೋಯಿತು.

ಈಗ ಹಿಂಬದಿ. ಕೈಯಲ್ಲಿ ಹಾಕಿದ ಸ್ಯಾಟಿನ್ ಸ್ಟಿಚ್‌ನ ಹಿಂಬದಿಯೂ ಮುಂಬದಿಯ ಬಣ್ಣದ್ದೇ, ಹೆಚ್ಚು ಕಡಿಮೆ ಮುಂಬದಿಯ ಆಕಾರವೇ. ನೂಲಿನ ಬಾಲವನ್ನು ಹೊಲಿಗೆಯ ಕೆಳಗೆ ತೂರಿಸಿ ಮುಚ್ಚಿರುತ್ತಾರೆ. ಒಂದು ಎಲೆಯಿಂದ ಪಕ್ಕದ ಎಲೆಗೆ ನೂಲು ಜಿಗಿದ ಗುರುತು ಅಲ್ಲಲ್ಲಿ ಕಾಣುತ್ತದೆ. ಮಷೀನಿನಲ್ಲಿ ಎರಡು ದಾರ: ಮೇಲಿನದು ಸೂಜಿಯದು, ಕೆಳಗಿನದು ಬಾಬಿನ್‌ನದು. ಹಾಗಾಗಿ ಹಿಂಬದಿಯಲ್ಲಿ ಎಲ್ಲ ಹೂವಿನ ಕೆಳಗೂ ಒಂದೇ ಬಿಳಿಯೋ ಕಪ್ಪೋ ದಾರ ಓಡಿರುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಮೋಸ ತಪ್ಪುತ್ತದೆ.

ಅರ್ಧ ಮಾತ್ರ. ಕಲೊಚಾದ ಹೆಂಗಸರು ಹೊಲಿಗೆ ಮಷೀನಿನಲ್ಲೂ ರಿಶೆಲ್ಯೂ ಮಾಡುವುದನ್ನು ಚೆನ್ನಾಗಿ ಕಲಿತರು. ಬಟ್ಟೆಯನ್ನು ಕೈಯಿಂದಲೇ ಸೂಜಿಯಡಿ ತಿರುಗಿಸುತ್ತಾ ಮಾಡುವ ಕೆಲಸ ಅದು, ಕಂಪ್ಯೂಟರ್ ಕಸೂತಿಯಲ್ಲ. ಆದ್ದರಿಂದ ಹೂವು ಕೈಯದು, ಕಿಂಡಿ ಮಷೀನಿನದು ಎಂಬ ಬೆರಕೆ ಬಟ್ಟೆಗಳೂ ಇವೆ. ಅದನ್ನು ನಕಲಿ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಪೂರ್ತಿ ಕೈಕೆಲಸದ ಬೆಲೆ ಕೊಡಲೂ ಮನಸ್ಸಿಲ್ಲ.

ಎಲ್ಲ ಊರಿನದೂ ಒಂದೇ ಅಲ್ಲ

ಈಶಾನ್ಯದ ಮೆಝೊಕೊವೆಶ್ದ್ ಮತ್ತು ಅದರ ಪಕ್ಕದ ತರ್ದ್, ಸೆಂತ್‌ಇಷ್ಟ್ವಾನ್ ಸೇರಿ ಮೂರು ಊರಿನ ಜನರನ್ನು ‘ಮತ್ಯೋ’ ಎನ್ನುತ್ತಾರೆ. ಬಿಸಿಲುಗಾಲದಲ್ಲಿ ದೂರದ ಜಮೀನ್ದಾರರ ಹೊಲಗಳಿಗೆ ಗುಂಪು ಕಟ್ಟಿಕೊಂಡು ಕೂಲಿಗೆ ಹೋಗುತ್ತಿದ್ದ ಬಡವರು. ಆದರೂ ಅವರ ಉಡುಪಿನ ಕಸೂತಿಗೆ ಸಾಟಿ ಇರಲಿಲ್ಲ. ‘ಹೊಟ್ಟೆ ಗುರ್ ಅಂದರೂ ಸರಿ, ಮೈಮೇಲೆ ಹೊಳೆಯಬೇಕು’ ಎಂಬರ್ಥದ ಗಾದೆ ಅವರಲ್ಲೇ ಇದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ನಮ್ಮ ಗಾದೆಯ ದೂರದ ತಂಗಿ. ಉಡುಪಿಗೆ ಹಚ್ಚುವ ಮಿಂಚಿನ ಚಮ್ಕಿ, ಜರಿಪಟ್ಟಿಗಳ ಖರ್ಚು ಮನೆಗಳನ್ನೇ ನುಂಗತೊಡಗಿದಾಗ 1920ರ ದಶಕದಲ್ಲಿ ಅವನ್ನು ಬಹಿರಂಗವಾಗಿ ಸುಟ್ಟದ್ದೂ ಉಂಟು. ಮಿಂಚು ಹೋದ ಜಾಗಕ್ಕೆ ಇನ್ನಷ್ಟು ಕಸೂತಿ ಬಂತು.

ಮತ್ಯೋ ಗುಲಾಬಿ ದೊಡ್ಡದು, ದುಂಡಗೆ. ಹೂಗಳು ಒತ್ತೊತ್ತಾಗಿ, ಹಿನ್ನೆಲೆಯ ಬಟ್ಟೆ ಕಾಣದಷ್ಟು ತುಂಬಿರುತ್ತವೆ. ಕಲೊಚಾದ ಹೂವಿನ ಸುತ್ತ ಗಾಳಿ ಆಡುತ್ತದೆ, ಮತ್ಯೋ ಹೂವಿಗೆ ಆ ಪುರುಸೊತ್ತಿಲ್ಲ. ಕಪ್ಪು ಬಟ್ಟೆಯ ಮೇಲೆ ಕೆಂಪು ಮೇಲುಗೈಯಾದ ಹೂರಾಶಿ ಕಂಡರೆ ಮೊದಲು ಈ ಊರನ್ನೇ ನೆನೆಯಿರಿ. ಹಳೆಯ ಹಾಸಿಗೆ ಬಟ್ಟೆಗಳ ಅಂಚಿನಲ್ಲಾದರೆ ಬಿಳಿಯ ಮೇಲೆ ಬರೀ ಕೆಂಪು, ನೀಲಿ. ಈ ಶೈಲಿಗೆ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು ಬೋರಿ ಕಿಶ್ ಯಾಂಕೋ (1876–1954). ಆಕೆಯೂ ಬರೆಯುವ ಹೆಂಗಸೇ. ಮೆಝೊಕೊವೆಶ್ದ್‌ನಲ್ಲಿ ಆಕೆಯ ಮನೆ ಈಗ ಸ್ಮಾರಕ. ಆಕೆಯ ಹೆಸರಿನಲ್ಲಿ ರಾಷ್ಟ್ರಮಟ್ಟದ ಕಸೂತಿ ಸ್ಪರ್ಧೆ ನಡೆಯುತ್ತದೆ. 2012ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಮತ್ಯೋ ಕಲೆಯನ್ನು.

ಅಲ್ಲಿಯವರು ಹೇಳುವ ಕಥೆಯೊಂದಿದೆ. ದೆವ್ವವೊಂದು ಹುಡುಗಿಯೊಬ್ಬಳ ಗಂಡಾಗುವವನನ್ನು ಹೊತ್ತೊಯ್ದಿತಂತೆ. ನಡು ಚಳಿಗಾಲದಲ್ಲಿ ಬೇಸಿಗೆಯ ಹೂಗಳನ್ನು ಮಡಿಲು ತುಂಬ ತಂದರೆ ಬಿಡುತ್ತೇನೆ ಎಂದಿತು. ಹೊರಗೆ ಹಿಮ. ಅವಳು ಸೊಂಟಕ್ಕೆ ಕಟ್ಟುವ ಏಪ್ರನ್ ಮೇಲೆ ಗುಲಾಬಿಗಳನ್ನು ಹೊಲಿದು ತಂದು ತೋರಿಸಿದಳು.

ಕಲೊತಸೆಗ್‌ನ ಬಟ್ಟೆ ನನ್ನ ಕಣ್ಣಿಗೆ ಎಲ್ಲಕ್ಕಿಂತ ಗಂಭೀರ. ಈ ಪ್ರದೇಶ 1920ರ ಟ್ರಿಯಾನನ್ ಒಪ್ಪಂದದ ಮೇಲೆ ರೊಮೇನಿಯಕ್ಕೆ ಸೇರಿತು. ಟ್ರಾನ್ಸಿಲ್ವೇನಿಯದ ಹಂಗೇರಿಯನ್ ಹಳ್ಳಿಗಳು. ಅಲ್ಲಿಯ ಕಸೂತಿಗೇ ‘ಈರಾಶೋಶ್’, ಅಂದರೆ ‘ಬರೆದದ್ದು’ ಎಂದು ಹೆಸರು. ಒಂದು ಬಟ್ಟೆಗೆ ಒಂದೇ ಬಣ್ಣ: ಕೆಂಪು, ಇಲ್ಲವೇ ನೀಲಿ, ಇಲ್ಲವೇ ಕಪ್ಪು. ದಪ್ಪ ನೂಲಿನ ಅಗಲವಾದ ಸರಪಳಿ ಹೊಲಿಗೆ ಹಗ್ಗದಂತೆ ಎದ್ದಿರುತ್ತದೆ. ಈ ಕೆಲಸವನ್ನು 1885ರ ಬುಡಾಪೆಸ್ಟ್ ವಸ್ತುಪ್ರದರ್ಶನಕ್ಕೆ ತಂದು ಪೇಟೆಯವರ ಕಣ್ಣಿಗೆ ಬೀಳುವಂತೆ ಮಾಡಿದವರು ಜಿಗಾನೆ ಗ್ಯಾರ್ಮತಿ ಎಂಬ ಲೇಖಕಿ.

ಬಾಲಟನ್ ಸರೋವರದ ದಕ್ಷಿಣಕ್ಕಿರುವ ಬುಝಾಕ್‌ನಲ್ಲಿ ಬಣ್ಣದ ಬಟ್ಟೆಯನ್ನೇ ಕತ್ತರಿಸಿ ಬಿಳಿಯ ಮೇಲೆ ಹಚ್ಚಿ ಹೊಲಿಯುವ ಬಗೆಯಿದೆ. ಪಶ್ಚಿಮದ ಹೊವೆಯ್ ಹಳ್ಳಿಯದು ಪೂರ್ತಿ ಬಿಳಿ, ಕಿಂಡಿಗಳ ಒಳಗೆ ನೂಲಿನ ಜೇಡರ ಬಲೆ. ಕಿಶ್ಕುನ್‌ಹಲಶ್‌ನ ಪ್ರಸಿದ್ಧ ಲೇಸು 1902ರಲ್ಲಿ ಶುರುವಾದದ್ದು; ಅದು ಕಸೂತಿಯಲ್ಲ, ಅದರ ಬೆಲೆಯೂ ನಮ್ಮಂಥವರ ಮಾತಲ್ಲ.

ಹಳೆಯದು ಎಂದರೆ ಎಷ್ಟು ಹಳೆಯದು?

ಹಳ್ಳಿಯಲ್ಲಿ ಈ ಬಟ್ಟೆ ಹುಟ್ಟಿದ್ದು ಹೆಣ್ಣುಮಗಳ ಮದುವೆಗೆ. ಟ್ಯೂಲಿಪ್ ಚಿತ್ರ ಬಿಡಿಸಿದ ಮರದ ಪೆಟ್ಟಿಗೆಯಲ್ಲಿ ಹಾಸು, ಗೌಸು, ಟವೆಲು, ಮೇಜುಹಾಸು ತುಂಬಿಸಿ ಕಳಿಸುತ್ತಿದ್ದರು. ಶುದ್ಧ ಕೋಣೆಯ ಮಂಚದ ಮೇಲೆ ದಿಂಬುಗಳನ್ನು ಗೋಪುರದಂತೆ ಪೇರಿಸಿಡುವುದು ವಾಡಿಕೆ. ಮಲಗಲಿಕ್ಕಲ್ಲ, ಬಂದವರು ಎಣಿಸಲಿಕ್ಕೆ. ಆದ್ದರಿಂದಲೇ ಹಳೆಯ ಗೌಸುಗಳಲ್ಲಿ ಕಸೂತಿ ಇರುವುದು ಕೋಣೆಗೆ ಮುಖ ಮಾಡಿದ ಒಂದು ತುದಿಯಲ್ಲಿ ಮಾತ್ರ. ಹಾಸಿನಲ್ಲೂ ಜೋತುಬೀಳುವ ಅಂಚಿನಲ್ಲಿ ಮಾತ್ರ. ಬಾಣಂತಿಗೆ ಊಟ ಒಯ್ಯುವಾಗ ಮೇಲೆ ಮುಚ್ಚಲು ಬೇರೆ ಬಟ್ಟೆ, ಬ್ರೆಡ್ ಹಿಟ್ಟು ಉಬ್ಬಲು ಇಟ್ಟ ಬುಟ್ಟಿಗೆ ಬೇರೆ ಬಟ್ಟೆ.

ಇಂಥ ನಿಜವಾದ ಮದುವೆ ಪೆಟ್ಟಿಗೆಯ ಬಟ್ಟೆಯನ್ನು ಮುಟ್ಟಿದೊಡನೆ ತಿಳಿಯುತ್ತದೆ. ಅಗಸೆ ನಾರಿನದೋ ಹೆಂಪ್ ನಾರಿನದೋ ಕೈಮಗ್ಗದ ಬಟ್ಟೆ, ಒರಟು, ತೂಕ. ಮಗ್ಗದ ಅಗಲ ಕಡಿಮೆ, ನಮ್ಮ ಗುಳೇದಗುಡ್ಡದ ಖಣದ ಹಾಗೆ. ದೊಡ್ಡ ಹಾಸು ಬೇಕೆಂದರೆ ಎರಡು ಮೂರು ಪಟ್ಟಿ ಜೋಡಿಸಲೇಬೇಕು. ನಡುವೆ ಆ ಜೋಡಣೆಯ ಹೊಲಿಗೆ, ಮೂಲೆಯಲ್ಲಿ ಎರಡಕ್ಷರದ ಹೆಸರಗುರುತು, ಕೆಲವೊಮ್ಮೆ ಇಸವಿ. ಇವು ಕಂಡರೆ ಹಿಗ್ಗಬಹುದು.

ಆದರೆ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನವು ಅವಲ್ಲ. ಎರಡನೇ ಮಹಾಯುದ್ಧದ ನಂತರ, ಸಮಾಜವಾದಿ ಸರ್ಕಾರದ ಕಾಲದಲ್ಲಿ, ಜನಪದ ಕಲೆ ಮತ್ತು ಗೃಹಕೈಗಾರಿಕೆಯ ಸಹಕಾರ ಸಂಘಗಳು ಎದ್ದವು. ಸಂಘವೇ ನೀಲಿ ಗೆರೆ ಒತ್ತಿದ ಗಿರಣಿ ಬಟ್ಟೆಯನ್ನೂ ನೂಲನ್ನೂ ಕೊಡುವುದು, ಹೆಂಗಸರು ಮನೆಯಲ್ಲೇ ಕೂತು ಹೊಲಿದು ತಂದೊಪ್ಪಿಸುವುದು, ಲೆಕ್ಕ ಪೀಸಿನ ಮೇಲೆ. ನಮ್ಮಲ್ಲಿ ಬೀಡಿ ಕಟ್ಟುವವರಿಗೆ ಎಲೆ, ತಂಬಾಕು ತೂಗಿ ಕೊಡುವ ಹಾಗೆ. ಮಾಲು ಡಾಲರು, ಮಾರ್ಕು ತರಲು ಹೊರದೇಶಕ್ಕೆ, ಉಳಿದದ್ದು ಪ್ರವಾಸಿಗಳಿಗೆ. 1953ರಲ್ಲಿ ಸರ್ಕಾರ ಒಳ್ಳೆಯ ಕುಶಲಕರ್ಮಿಗಳಿಗೆ ‘ಜನಪದ ಕಲೆಯ ಆಚಾರ್ಯ’ ಎಂಬ ಬಿರುದನ್ನೂ ತಂದಿತು. ಹತ್ತಿ ಬಟ್ಟೆ, ಪಟ್ಟಿ ಜೋಡಣೆಯಿಲ್ಲ, ಹೆಸರಗುರುತಿಲ್ಲ, ಮೂಲೆಯಲ್ಲಿ ಹಂಗೇರಿಯಲ್ಲಿ ತಯಾರಾದದ್ದು ಎಂಬ ಚೀಟಿ ಅಥವಾ ಚೀಟಿ ಕಿತ್ತ ಹೊಲಿಗೆಯ ಗುರುತು: ಇಷ್ಟಿದ್ದರೆ ಅದು ಅಜ್ಜಿಯ ಪೆಟ್ಟಿಗೆಯದಲ್ಲ, ಸಂಘದ ಮಾಲು. ನಮ್ಮ ಮೇಜಿನದೂ ಅದೇ.

ಅಷ್ಟಕ್ಕೆ ಬೇಸರ ಬೇಡ. ಕೈ ಅದೇ ಕೈ. ಗಂಟೆಗಟ್ಟಲೆ ಕೂತ ಕಣ್ಣು ಅದೇ. ಪುರಾತನ ವಸ್ತುವಿನ ಬೆಲೆ ಮಾತ್ರ ಕೊಡಬೇಡಿ. ಇನ್ನೊಂದು ಲಾಭವೂ ಇದೆ: ಮದುವೆ ಪೆಟ್ಟಿಗೆಯ ಬಟ್ಟೆಯನ್ನು ಮೇಜಿಗೆ ಹಾಸಲು ಕೈ ನಡುಗುತ್ತದೆ, ಸಂಘದ ಬಟ್ಟೆ ಹುಟ್ಟಿದ್ದೇ ಮೇಜಿಗೆ. ಹಾಸಿ, ಊಟ ಮಾಡಿ. ನಿಜವಾದ ಹಳೆಯದನ್ನು ಕಣ್ಣಾರೆ ನೋಡಬೇಕೆಂದರೆ ಬುಡಾಪೆಸ್ಟ್‌ನ ಜನಾಂಗಶಾಸ್ತ್ರ ಮ್ಯೂಸಿಯಂಗೆ ಹೋಗಬೇಕು. 1872ರಲ್ಲಿ ಶುರುವಾದ ಅದು 2022ರಿಂದ ನಗರದ ಉದ್ಯಾನದ ಹೊಸ ಕಟ್ಟಡದಲ್ಲಿದೆ.

ಒಗೆಯುವುದು, ಮಡಿಸುವುದು

ಈ ವಿಷಯದಲ್ಲಿ ನಾನು ಬುದ್ಧಿ ಕಲಿತದ್ದು ಒಂದು ಬಟ್ಟೆ ಹಾಳುಮಾಡಿ. ಜೊತೆಗೆ ಬಂದಿದ್ದ ಚಿಕ್ಕ ದುಂಡು ಬಟ್ಟೆಯೊಂದನ್ನು ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಬಕೆಟ್ಟಿನಲ್ಲಿ ಕುಂಕುಮದ ನೀರು, ಬಿಳಿಯೆಲ್ಲ ಗುಲಾಬಿ ಬಣ್ಣ. ಕೆಂಪು ನೂಲನ್ನು ನಂಬಬಾರದು. ಮೊದಲು ಹಿಂಬದಿಯ ಒಂದು ಕೆಂಪು ಎಳೆಯ ಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಆ ಬಟ್ಟೆಗೆ ನೀರು ಬೇಡವೇ ಬೇಡ. ಹತ್ತದಿದ್ದರೆ ತಣ್ಣೀರಿನಲ್ಲಿ, ಮೃದು ಸೋಪಿನಲ್ಲಿ, ನೆನೆಹಾಕದೆ ಬೇಗ ಅದ್ದಿ ತೆಗೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ. ಒದ್ದೆಯಾಗಿ ಮಡಿಸಿಟ್ಟರೂ ಬಣ್ಣ ಎದುರಿನ ಮಡಿಕೆಗೆ ಇಳಿಯುತ್ತದೆ, ಹಾಗಾಗಿ ಹರಡಿಯೇ ಒಣಗಿಸಬೇಕು, ನೆರಳಿನಲ್ಲಿ. ಕ್ಲೋರಿನ್ ಬ್ಲೀಚನ್ನು ಬಟ್ಟೆಯ ಹತ್ತಿರಕ್ಕೂ ತರಬೇಡಿ. ಇಸ್ತ್ರಿ ಮಾಡುವಾಗ ಕೆಳಗೆ ದಪ್ಪ ಟವೆಲು ಹಾಸಿ, ಹೂವು ಕೆಳಗೆ ಮುಖ ಮಾಡಿರಲಿ. ಆಗ ದಳ ಚಪ್ಪಟೆಯಾಗುವುದಿಲ್ಲ.

ಎತ್ತಿಡುವುದಾದರೆ ಗಂಜಿ ಹಾಕಿ ಇಡಬೇಡಿ. ಗಂಜಿಯ ರುಚಿಗೆ ಬೆಳ್ಳಿಮೀನಿನಂಥ ಹುಳು ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಮಳೆಗಾಲದ ತೇವ ಸಿಕ್ಕಿಕೊಂಡು ಬೂಸ್ಟು ಹಿಡಿಯುತ್ತದೆ. ಒಗೆದ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಆದಷ್ಟು ಮಡಿಸದೆ ಸುರುಳಿ ಮಾಡಿ ಇಡಿ. ಹಳೆಯ ಮತ್ಯೋ ಬಟ್ಟೆಗಳಲ್ಲಿ ಉಣ್ಣೆ ನೂಲೂ ಇರುತ್ತದೆ. ಅದಕ್ಕೆ ನುಸಿ ಬೀಳುತ್ತದೆ, ವರ್ಷಕ್ಕೆರಡು ಸಲ ಬಿಚ್ಚಿ ನೋಡಬೇಕು.

ನಮ್ಮ ಅಡುಗೆಯ ಮನೆಗಳಿಗೆ ಮಾತ್ರ ಸೇರಿದ ತೊಂದರೆಯೊಂದಿದೆ, ಅರಿಶಿನ. ಸಾರು ಚೆಲ್ಲಿದ ಜಾಗಕ್ಕೆ ಸೋಪು ಹಚ್ಚಿದರೆ ಹಳದಿ ಕಲೆ ಕೆಂಪಾಗುತ್ತದೆ. ಗಾಬರಿ ಬೇಡ, ಕ್ಷಾರಕ್ಕೆ ಅರಿಶಿನ ಹಾಗೆ ಆಡುತ್ತದೆ. ಅದನ್ನು ತೆಗೆಯುವುದು ಬಿಸಿಲು. ಆದರೆ ಬಿಸಿಲು ನೂಲಿನ ಬಣ್ಣವನ್ನೂ ತಿನ್ನುತ್ತದೆ. ಆದ್ದರಿಂದ ಹೂವುಗಳ ಮೇಲೆ ದಪ್ಪ ಬಟ್ಟೆ ಮುಚ್ಚಿ, ಕಲೆ ಬಿದ್ದ ಬಿಳಿ ಭಾಗವನ್ನಷ್ಟೇ ದಿನಕ್ಕೆ ಒಂದೆರಡು ಗಂಟೆ ಬಿಸಿಲಿಗೆ ಹಿಡಿಯಿರಿ. ನಮ್ಮ ಮನೆಯಲ್ಲಿ ಮೂರು ದಿನ ಹಿಡಿಯಿತು.